ಮೂಲೆಯಿಂದ ಮೂಲೆಗೆ ಹದಿನೇಳು ಇಂಚು

ಹೋದ ವರ್ಷ ನಮ್ಮ ಮನೆಯಲ್ಲಿ ಇಬ್ಬರು ಒಂದೇ ತಿಂಗಳಲ್ಲಿ ಕೆಟ್ಟರು. ಒಂದು ನನ್ನ ಕಂಪ್ಯೂಟರು, ಇನ್ನೊಂದು ನಮ್ಮ ಮಾವ. ಕರೆಂಟು ಹೋಗಿ ಬಂದು, ಬಂದು ಹೋಗಿ ಮಾಡಿದ ಒಂದು ಮಧ್ಯಾಹ್ನ ಕಂಪ್ಯೂಟರು ಟಪ್ ಎಂದು ಸುಟ್ಟ ವೈರಿನ ವಾಸನೆ ಬಿಟ್ಟು ಸತ್ತಿತು. ಮಾವನಿಂದ ಯಾವ ವಾಸನೆಯೂ ಬರಲಿಲ್ಲ. ಅವರು ಬರೀ ಸುಮ್ಮನಾದರು. ಜೀವಮಾನವೆಲ್ಲ ಬೈದ ಮನುಷ್ಯ ಸುಮ್ಮನಾದರೆ ಮನೆಯವರು ಊಟ ಬಡಿಸುವಾಗ ಎರಡೆರಡು ಸಲ ಮುಖ ನೋಡುತ್ತಾರೆ.

ನಮ್ಮದು ಬನಹಟ್ಟಿಯ ನೇಕಾರರ ಮನೆ. ಕೆಳಗೆ ನನ್ನ ಗಂಡನ ಎರಡು ಪವರ್‌ಲೂಮು, ಮೇಲೆ ಮಾಳಿಗೆಯ ಸಣ್ಣ ಖೋಲಿಯಲ್ಲಿ ನಾನು. ನನ್ನ ಕೆಲಸ ಸೀರೆಯ ದಡಿಗೆ, ಅಂದರೆ ಅಂಚಿಗೆ, ಡಿಸೈನ್ ಬರೆಯುವುದು. ಗ್ರಾಫಿನ ಒಂದು ಚೌಕ ಎಂದರೆ ಒಂದು ಎಳೆ. ಯಾವ ಚೌಕ ತುಂಬಬೇಕು, ಯಾವುದು ಬಿಡಬೇಕು ಎಂದು ನಾನು ಬರೆದುಕೊಟ್ಟರೆ ಅದರ ಪ್ರಕಾರ ರಟ್ಟುಗಳಿಗೆ ತೂತು ಹೊಡೆಯುತ್ತಾರೆ. ಆ ತೂತಿನ ಪ್ರಕಾರ ಮಗ್ಗ ಎಳೆ ಎತ್ತುತ್ತದೆ, ದಡಿಯಲ್ಲಿ ನವಿಲೋ ಮಾವಿನಕಾಯಿಯೋ ಗುಡಿಯೋ ಮೂಡುತ್ತದೆ. ಒಂದು ಚೌಕ ತಪ್ಪಿದರೆ ಅದು ಸೀರೆಯುದ್ದಕ್ಕೂ ತಪ್ಪು. ಆ ರಟ್ಟು ಎಷ್ಟು ಮಗ್ಗಕ್ಕೆ ಹೋಗಿದೆಯೋ ಅಷ್ಟೂ ಮಗ್ಗದ ಸೀರೆಗಳಲ್ಲಿ ತಪ್ಪು. ಅಡುಗೆಯಲ್ಲಿ ಉಪ್ಪು ಹೆಚ್ಚಾದರೆ ಒಂದು ಹೊತ್ತು ಬೈಸಿಕೊಂಡರೆ ಮುಗಿಯಿತು. ಇದರಲ್ಲಿ ತಪ್ಪು ಮಾಡಿದರೆ ಊರ ಹೆಂಗಸರು ಅದನ್ನು ಉಟ್ಟುಕೊಂಡು ತಿರುಗುತ್ತಾರೆ.

ಈ ವಿದ್ಯೆ ನನಗೆ ಹುಟ್ಟಿನಿಂದ ಬಂದದ್ದಲ್ಲ. ನಾನು ಬೀಳಗಿಯವಳು, ಮದುವೆಯಾಗಿ ಬಂದಾಗ ನನಗೆ ದಡಿ ಎಂದರೆ ಮಡಚಿ ಹೊಲಿಯುವುದು ಅಷ್ಟೇ ಗೊತ್ತಿತ್ತು. ಕಲಿಸಿದವರು ಮಾವ. ಅವರು ಗ್ರಾಫ್ ಕಾಗದದ ಮೇಲೆ ಕೈಯಿಂದ ಬರೆದು ಇಡೀ ರಬಕವಿ-ಬನಹಟ್ಟಿಯಲ್ಲಿ ಹೆಸರು ಮಾಡಿದವರು. ಅವರ ಕಲಿಸುವ ಪದ್ಧತಿ ಹೇಗೆಂದರೆ, ನಾನು ಬರೆದ ಕಾಗದವನ್ನು ಕಣ್ಣ ಹತ್ತಿರ ಹಿಡಿದು ನೋಡುತ್ತಿದ್ದರು, "ತಪ್ಪ ಐತಿ" ಎಂದು ನನ್ನ ಕಡೆ ಒಗೆಯುತ್ತಿದ್ದರು. ಎಲ್ಲಿ ಎಂದು ಕೇಳಿದರೆ "ಹುಡಕು" ಅಷ್ಟೇ. ನಾನು ಮನಸ್ಸಿನಲ್ಲೇ ಅವರ ವಂಶವನ್ನೆಲ್ಲ ಜಾಲಾಡುತ್ತಾ ಹುಡುಕುತ್ತಿದ್ದೆ. ಆ ವಂಶಕ್ಕೇ ಸೊಸೆಯಾಗಿ ಬಂದಿದ್ದೇನೆ ಎಂಬುದು ನೆನಪಾದಾಗ ಸ್ವಲ್ಪ ನಿಧಾನಿಸುತ್ತಿದ್ದೆ. ಆದರೆ ಒಂದು ಮಾತು ಒಪ್ಪಬೇಕು: ತಪ್ಪು ಇದ್ದೇ ಇರುತ್ತಿತ್ತು.

ಆಮೇಲೆ ನಾನು ಕಂಪ್ಯೂಟರು ಕಲಿತೆ. ಅವರು ಅದನ್ನು ಮುಟ್ಟಲಿಲ್ಲ. "ಅದರಾಗ ಬರದ ಹೂವಿಗೆ ವಾಸನಿ ಇರಂಗಿಲ್ಲ," ಎಂದರು. ತಾವು ಕಾಗದದ ಮೇಲೆ ಬರೆದ ಹೂವು ಘಮಘಮ ಎನ್ನುತ್ತಿತ್ತೇನೋ. ಅದಕ್ಕೆ ನಾನು ಡಿಸೈನನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು ಕೆಳಗೆ ತಂದು ತೋರಿಸುವುದು, ಅವರು ನೋಡಿ ಒಗೆಯುವುದು, ಹೀಗೆ ಹದಿನೈದು ವರ್ಷ ನಡೆಯಿತು. ನಾನು ಬರೆದದ್ದು ಯಾವುದೂ ಅವರ ಕಣ್ಣು ದಾಟದೆ ಮಗ್ಗಕ್ಕೆ ಹೋಗಲಿಲ್ಲ.

ಹೋದ ವರ್ಷ ಆ ಕಣ್ಣು ಕೈಕೊಟ್ಟಿತು. ಸಕ್ಕರೆ ಕಾಯಿಲೆ. ದೊಡ್ಡದೆಲ್ಲ ಕಾಣುತ್ತದೆ, ಬಸ್ಸಿನ ಬೋರ್ಡು ಓದುತ್ತಾರೆ, ಅತ್ತೆ ಮುಖ ಊದಿಸಿಕೊಂಡಿದ್ದರೆ ಕಾಣುತ್ತದೆ, ಗ್ರಾಫಿನ ಚೌಕ ಮಾತ್ರ ಕಾಣುವುದಿಲ್ಲ. ನಾನು ಕೊಟ್ಟ ಕಾಗದವನ್ನು ಒಂದು ದಿನ ಬಹಳ ಹೊತ್ತು ಹಿಡಿದುಕೊಂಡು ಕೂತರು. ಆಮೇಲೆ ಮೊದಲ ಸಲ ಅದನ್ನು ಒಗೆಯದೆ, ಮಡಚದೆ, ಕೈಗೆ ಕೊಟ್ಟು "ಬರೋಬ್ಬರಿ ಐತಿ" ಎಂದರು. ಹದಿನೈದು ವರ್ಷದಿಂದ ಆ ಮಾತಿಗೆ ಕಾದಿದ್ದೆ. ಕೇಳಿದಾಗ ಅಳು ಬಂತು, ಸಂತೋಷಕ್ಕಲ್ಲ. ಆ ದಡಿಯಲ್ಲಿ ಒಂದು ಮಾವಿನಕಾಯಿ ತಲೆಕೆಳಗಾಗಿತ್ತು. ತಿದ್ದಿದರೆ ಅವರ ಮಾತು ಸುಳ್ಳಾಗುತ್ತದೆ ಎಂದು ನಾನು ತಿದ್ದಲಿಲ್ಲ, ಅದು ಹಾಗೇ ನೇಯ್ದೂ ಹೋಯಿತು.

ಅವತ್ತಿನಿಂದ ಚಸ್ಮಾ ಅದರ ಡಬ್ಬಿಯೊಳಗೆ ಸೇರಿತು. ಮಾವ ಪಡಸಾಲೆಯ ಗೋಡೆಗೆ ಒರಗಿ ಕೂರತೊಡಗಿದರು. ಊಟಕ್ಕೆ ಕರೆದರೆ ಬರುತ್ತಾರೆ, ಸಾರಿಗೆ ಖಾರ ಹೆಚ್ಚಾದರೂ ಬೈಯುವುದಿಲ್ಲ. ಅವರು ಮತ್ತೆ ನನ್ನ ಕೆಲಸದ ಮುಂದೆ ಕೂತು "ತಪ್ಪ ಐತಿ" ಎನ್ನದಿದ್ದರೆ ಈ ಮನುಷ್ಯ ವರ್ಷ ತೆಗೆಯುವುದಿಲ್ಲ ಎಂದು ನನಗೆ ಅನಿಸಿತು. ಅವರಿಗಾಗಿ ಮಾತ್ರ ಅಲ್ಲ, ನನಗೂ ಆ ಕಣ್ಣು ಬೇಕಿತ್ತು. ಬೈಯುವವರಿಲ್ಲದೆ ನನಗೆ ಕೈ ಓಡುತ್ತಿರಲಿಲ್ಲ.

ಚೌಕ ಸಣ್ಣದಾಗಿ ಕಾಣದಿದ್ದರೆ ದೊಡ್ಡದು ಮಾಡಿ ತೋರಿಸಿದರಾಯಿತಲ್ಲ, ಕಂಪ್ಯೂಟರಿನಲ್ಲಿ ಒಂದು ಚೌಕವನ್ನು ಜೋಳದ ಕಾಳಿನಷ್ಟು ದಪ್ಪ ಮಾಡಬಹುದಲ್ಲ ಎಂದು ಹೊಳೆದ ಹೊತ್ತಿಗೇ ಕಂಪ್ಯೂಟರು ಸತ್ತಿದ್ದು. ಹೊಸದೊಂದು ಅಂಥದ್ದೇ ತಂದು ಮಾಳಿಗೆಯ ಮೇಲಿಟ್ಟರೆ ಪ್ರಯೋಜನವಿಲ್ಲ. ಕಬ್ಬಿಣದ ಏಣಿ ಹತ್ತಲು ಮಾವನ ಮೊಣಕಾಲು ಒಪ್ಪುವುದಿಲ್ಲ. ಕೆಳಗೇ ಇಡೋಣವೆಂದರೆ, ಮಗ್ಗ ನಡೆಯುವಾಗ ಕೆಳಗಿನ ಗಾಳಿಯಲ್ಲಿ ಅರ್ಧ ಗಾಳಿ, ಅರ್ಧ ಹತ್ತಿ. ಯಾವ ಯಂತ್ರ ಅದನ್ನು ಉಸಿರಾಡಿ ಬದುಕೀತು?

ಗಂಡ ಒಂದು ಉಪಾಯ ಹೇಳಿದರು. "ಟಿವಿಗೆ ಜೋಡಸು. ಅದರಗಿಂತ ದೊಡ್ಡದು ಯಾವದೈತಿ?" ಉಪಾಯ ಸರಿಯಾಗಿಯೇ ಇತ್ತು, ಟಿವಿ ಅತ್ತೆಯದು ಎಂಬುದೊಂದನ್ನು ಬಿಟ್ಟರೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರೆ. ನಮ್ಮ ಮನೆಯ ಟಿವಿಯ ಮಟ್ಟಿಗೆ ಸೊಸೆಯ ಕಾಲ ಇನ್ನೂ ಬಂದಿಲ್ಲ. ಆದರೂ ಧಾರಾವಾಹಿಯ ಎರಡು ಜಾಹೀರಾತುಗಳ ನಡುವೆ ಪೆನ್‌ಡ್ರೈವ್ ಹಾಕಿ ಒಂದು ದಡಿ ತೋರಿಸಿದೆ. ಆ ಟಿವಿಯಲ್ಲಿ ನನ್ನ ಕಡುಗೆಂಪು ಕಿರಮಂಜಿ ಬಣ್ಣ ಟೊಮ್ಯಾಟೊ ಹಣ್ಣಾಗಿತ್ತು. ಮಾವ ಒಂದು ಕ್ಷಣ ನೋಡಿ ಮುಖ ತಿರುಗಿಸಿದರು. "ಮುಗೀತಲ್ಲ?" ಎಂದು ಅತ್ತೆ ರಿಮೋಟು ಕೈಗೆ ತೆಗೆದುಕೊಂಡರು. ಪರದೆಯ ಮೇಲೆ ಒಬ್ಬ ಸೊಸೆ ಅಳುತ್ತಿದ್ದಳು. ನನಗಿಂತ ಅವಳ ಮೇಲೆ ಅತ್ತೆಗೆ ಹೆಚ್ಚು ಕರುಣೆ.

ಕೊನೆಗೆ ಉಳಿದದ್ದು ಲ್ಯಾಪ್‌ಟಾಪು. ಡೆಸ್ಕ್‌ಟಾಪಿನ ಜಾಗದಲ್ಲಿ ಕೂರುವಷ್ಟು ದೊಡ್ಡದು, ಆದರೆ ಎತ್ತಿಕೊಂಡು ಏಣಿ ಇಳಿಯಬಹುದು. ಮಗ್ಗ ನಡೆಯುವಾಗ ಮೇಲೆ, ಮಗ್ಗ ನಿಂತಾಗ ಕೆಳಗೆ. ನಮ್ಮಲ್ಲಿ ಹಗಲು ಮಗ್ಗ ನಿಲ್ಲುವುದು ಕರೆಂಟು ಹೋದಾಗ; ಆಗ ಬ್ಯಾಟರಿ ಇರುತ್ತದೆ. ಲೆಕ್ಕ ಚೊಕ್ಕವಾಗಿತ್ತು. ಬನಹಟ್ಟಿಯಲ್ಲಿ ವಿಚಾರಿಸಿದೆ. ಅಂಗಡಿಯಲ್ಲಿದ್ದವೆಲ್ಲ ಮುಧೋಳದ ನಾಯಿಗಳು: ತೆಳ್ಳಗೆ, ಉದ್ದಕ್ಕೆ, ಹೊಟ್ಟೆಯೇ ಇಲ್ಲ. "ಹಗೂರ ಅದಾವ್ರಿ ಅಕ್ಕಾರ, ಒಂದ ಕೈಲೆ ಎತ್ತಬಹುದು," ಎಂದು ಅಂಗಡಿಯವನು ಬೆರಳ ತುದಿಯಲ್ಲಿ ಎತ್ತಿ ತೋರಿಸಿದ. ನನಗೆ ಬೇಕಾದದ್ದು ನಾಯಿಯಲ್ಲ, ಎಮ್ಮೆ. "ಅಂಥಾದ್ದು ಜಮಖಂಡ್ಯಾಗ ಸಿಗತೈತಿ," ಎಂದ.

ಮಾವನನ್ನು ಬಿಟ್ಟು ಹೋಗುವ ಮನಸ್ಸು ನನಗಿರಲಿಲ್ಲ. ನಿಮಗಾಗಿ ಕೊಳ್ಳುತ್ತಿದ್ದೇವೆ ಎಂದರೆ ಅವರು ಏಳುವವರಲ್ಲ. ಅದಕ್ಕೆ ಬೇರೆ ದಾರಿ ಹಿಡಿದೆ.

"ಮಾವಾರ, ಜಮಖಂಡಿಗೆ ಬರ್ರಿ ನನ್ನ ಜೋಡಿ. ಕಂಪ್ಯೂಟರ್ ತರೂದೈತಿ."

"ನನಗೇನ ತಿಳೀತೈತಿ ಅದರಾಗ?"

"ಅದನ್ನ ಇಂಚಿನ ಲೆಕ್ಕದಾಗ ಮಾರ್ತಾರ್ರಿ. ನನಗ ಅಳತಿ ತಿಳಿಯಂಗಿಲ್ಲ. ಅಂಗಡ್ಯಾಂವ ಟೊಪಗಿ ಹಾಕತಾನ."

ಅಂಗಡಿಯವನು ಟೊಪ್ಪಿಗೆ ಹಾಕುತ್ತಾನೆ ಎಂದ ಕೂಡಲೇ ಮಾವ ತಮ್ಮ ಬಿಳಿ ಟೊಪ್ಪಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತರು. ಕಿಸೆಯಲ್ಲಿ ಬಟ್ಟೆ ಅಳೆಯುವ ಟೇಪು. ಇನ್ನೊಂದು ಕಿಸೆಯಲ್ಲಿ ಒಂದು ಗೇಣುದ್ದದ ದಡಿಯ ತುಂಡು, ಕಿರಮಂಜಿ ಬಣ್ಣದ್ದು. ಅದೇಕೆ ಎಂದು ನಾನು ಕೇಳಲಿಲ್ಲ. ಎರಡು ತಿಂಗಳಲ್ಲಿ ಮೊದಲ ಸಲ ಅವರಾಗಿಯೇ ಎದ್ದಿದ್ದರು, ಕಿಸೆಯಲ್ಲಿ ಕುಡಗೋಲು ಇಟ್ಟುಕೊಂಡಿದ್ದರೂ ಕೇಳುತ್ತಿರಲಿಲ್ಲ.

ಬಸ್ಸಿನ ಮೆಟ್ಟಿಲು ಹತ್ತಿಸಲು ನಾನು ಹಿಂದಿನಿಂದ ನೂಕಿದೆ, ಕಂಡಕ್ಟರು ಮುಂದಿನಿಂದ ಎಳೆದ. ಸೀಟು ಸಿಕ್ಕ ಮೇಲೆ ಮಾವ ಮುಂದೆ ಕೂತ ಹೆಂಗಸಿನ ಸೆರಗಿನ ದಡಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿ ನೋಡಲು ಕೈ ಚಾಚಿದರು. ನಾನು ಕೈ ಹಿಡಿದು ಹಿಂದೆ ತಂದೆ. ಇಡೀ ದಾರಿ ಆ ಕೈಯನ್ನು ಬಿಡಲಿಲ್ಲ. ನೋಡಿದವರು ಎಷ್ಟು ಭಕ್ತಿಯ ಸೊಸೆ ಎಂದುಕೊಂಡಿರಬೇಕು.

ಅಂಗಡಿ ಜಮಖಂಡಿಯ ಕೋರ್ಟಿಗೆ ಹೋಗುವ ಹಾದಿಯಲ್ಲಿತ್ತು. ಅಂಗಡಿಯವರು ನಡುವಯಸ್ಸಿನವರು, ಫೋನಿನಲ್ಲಿ ಮರಾಠಿ, ನಮ್ಮೊಡನೆ ಕನ್ನಡ. ದೊಡ್ಡದು ಬೇಕು ಎಂದೆ. ಅವರು ತೆರೆದಿಟ್ಟ ಮೊದಲ ಲ್ಯಾಪ್‌ಟಾಪಿನ ಕೀಲಿಗಳ ಕೆಳಗೆ ಕೆಂಪು, ಹಸಿರು, ನೀಲಿ ದೀಪ ಓಡಾಡುತ್ತಿದ್ದವು. ಗಣಪತಿ ಮಂಟಪವೊಂದೇ ಕಡಿಮೆ.

"ಗೇಮ್ ಆಡ್ತೀರೇನ್ರಿ?" ಎಂದು ಕೇಳಿದರು.

"ಹೂಂನ್ರಿ, ಅತ್ತ್ಯಾರ ಜೋಡಿ ದಿನಾ ಆಡ್ತೀನಿ," ಎಂದೆ.

ಅವರು ನಗಲಿಲ್ಲ. ಎರಡನೆಯದನ್ನು ತೆರೆದರು. ಮಾವ ಬಗ್ಗಿ ನೋಡಿದರು. ಕನ್ನಡಿಯಂತೆ ಹೊಳೆಯುವ ಪರದೆ. ಅದರಲ್ಲಿ ಟೊಪ್ಪಿಗೆ, ಹುಬ್ಬು, ಮೂಗು ಎಲ್ಲ ಚೊಕ್ಕವಾಗಿ ಮೂಡಿತ್ತು.

"ನನ್ನ ಮಾರಿ ನೋಡ್ಕೊಳ್ಳಾಕ ಮನ್ಯಾಗ ಕನ್ನಡಿ ಐತಿ," ಎಂದರು. "ಹೊಳಪ ಇರಲಾರದ್ದು ತೋರಸ್ರಿ."

ನಾನು ಬಾಯಿ ತೆರೆದುಕೊಂಡು ನಿಂತೆ. ಒಂದು ವಾರದಿಂದ ಫೋನಿನಲ್ಲಿ ಹುಡುಕಿ ಹುಡುಕಿ ನಾನು ಕಲಿತುಕೊಂಡಿದ್ದ ಮಾತನ್ನು ಅವರು ಒಂದು ಇಣುಕಿನಲ್ಲಿ ಹೇಳಿದ್ದರು. ಮೂರನೆಯದು ಬಂತು. ಕರಿ ಬಣ್ಣ, ದಪ್ಪ ಬೆನ್ನು, ಬಲಗಡೆ ಅಂಕಿಗಳ ಸಾಲು ಬೇರೆ. ಇಬ್ಬರು ಸೇರಿ ಎತ್ತುವಂಥದ್ದಲ್ಲದಿದ್ದರೂ ಒಬ್ಬರು ಎತ್ತಿ ಖುಷಿಪಡುವಂಥದ್ದೂ ಅಲ್ಲ.

"ಹದಿನೇಳ ಇಂಚ್ ಐತ್ರಿ," ಎಂದರು ಅಂಗಡಿಯವರು. "ತೊಡಿ ಮ್ಯಾಲ ಇಟ್ಕೊಂಡ ಮಾಡೂದಲ್ಲ, ಟೇಬಲ್ ಮ್ಯಾಲ ಇಡೂದು. ಬ್ಯಾಟರಿ ಎರಡ ತಾಸ ಬಂದರ ಭಾಳ."

ನಮ್ಮ ಕರೆಂಟೂ ಸಾಮಾನ್ಯವಾಗಿ ಅಷ್ಟೇ ಹೊತ್ತು ಹೋಗುವುದು. ನನಗೆ ಅದು ದೇವರೇ ಜೋಡಿಸಿಟ್ಟ ಸಂಬಂಧದಂತೆ ಕಂಡಿತು. ಅಷ್ಟರಲ್ಲಿ ಮಾವ ಟೇಪು ತೆಗೆದಿದ್ದರು. ಪರದೆಯ ಎಡ ಅಂಚಿಗೆ ಒಂದು ಉಗುರು ಒತ್ತಿ, ಬಲ ಅಂಚಿಗೆ ಟೇಪು ಎಳೆದು, "ಓದ ಯವ್ವಾ," ಎಂದರು.

"ಹದಿನೈದು. ಮ್ಯಾಲ ಒಂದ ನೂಲು."

ಮಾವ ಟೇಪು ಬಿಡಲಿಲ್ಲ. ಅಂಗಡಿಯವರ ಮುಖವನ್ನೇ ನೋಡಿದರು. "ಹದಿನೇಳ ಅಂದ್ರಿ. ಪನ್ನಾ ಹದಿನೈದ ಐತಿ. ಎರಡ ಇಂಚ ಎಲ್ಲಿ ಹೋತು?"

ಪನ್ನಾ ಎಂದರೆ ಬಟ್ಟೆಯ ಅಗಲ. ನಮ್ಮ ಕಡೆ ಯಾವುದನ್ನು ಅಳೆದರೂ ಮೊದಲು ಕೇಳುವುದು ಅದನ್ನೇ. ಹೆಣ್ಣು ನೋಡಲು ಹೋದಾಗಲೂ ಮನಸ್ಸಿನಲ್ಲಿ ಅದನ್ನೇ ಕೇಳಿಕೊಳ್ಳುತ್ತಾರೆಂದು ನನ್ನ ಗುಮಾನಿ.

"ಕಾಕಾರ, ಇದನ್ನ ಹಂಗ ಅಳಿಯಂಗಿಲ್ರಿ," ಎಂದರು ಅಂಗಡಿಯವರು. "ಈ ಮೂಲಿಯಿಂದ ಆ ಮೂಲಿಗೆ ಅಳೀತಾರ. ಓರಿ."

"ಓರಿ?"

"ಹೌದ್ರಿ. ಕಂಪನಿ ಲೆಕ್ಕಾನ ಹಂಗೈತಿ."

ಮಾವ ಅಂಗಡಿಯನ್ನೆಲ್ಲ ಒಂದು ಸುತ್ತು ನೋಡಿದರು, ಸಾಕ್ಷಿಗೆ ಯಾರಾದರೂ ಇದ್ದಾರೇನೋ ಎಂಬಂತೆ. "ಬಟ್ಟೀನ ಮೂಲಿಯಿಂದ ಮೂಲಿಗೆ ಅಳದು ಮಾರಿದ್ರ ಬನಹಟ್ಟ್ಯಾಗ ಒಬ್ಬಾಂವರೆ ನೇಕಾರ ಉಳೀತಿದ್ದನೇನು? ಎಲ್ಲಾರೂ ಸಾವ್ಕಾರ ಆಗತಿದ್ರು. ನಿನ್ನ ಜಮಖಂಡಿ ಕೋರ್ಟ್ ಇಲ್ಲೇ ಬಾಜೂಕ ಐತಿ. ಅಲ್ಲಿ ಹೇಳ್ತೀಯೇನು ಓರಿ ಲೆಕ್ಕಾ?"

ಅಂಗಡಿಯವರು ಡಬ್ಬಿ ತೋರಿಸಿದರು, ಅದರ ಮೇಲೆ ಅಚ್ಚಾದದ್ದು ತೋರಿಸಿದರು, ಗೋಡೆಯ ಟಿವಿ ತೋರಿಸಿ ಅದರದ್ದೂ ಓರಿ ಅಳತೆಯೇ ಎಂದರು. ಮಾವ ಟಿವಿಯನ್ನೂ ಅಳೆದರು. ಅವತ್ತು ನಮ್ಮ ಮನೆಯ ಟಿವಿಯೂ ಮೋಸದ್ದೇ ಎಂದು ಗೊತ್ತಾಗಿ ಅವರಿಗೆ ಒಳಗೊಳಗೇ ಸಂತೋಷವಾದದ್ದು ನನಗೆ ಕಂಡಿತು. ನಾನು ನಡುವೆ ಬಾಯಿ ಹಾಕಲಿಲ್ಲ. ಓರಿ ಅಳೆಯುತ್ತಾರೆಂಬುದು ನನಗೆ ಮೊದಲೇ ಗೊತ್ತಿತ್ತು. ಆದರೆ ಮಾವನ ಧ್ವನಿ ಅಂಗಡಿಯ ಹೊರಗಿನವರೆಗೆ ಕೇಳುತ್ತಿತ್ತು, ಚಹಾದ ಕಪ್ಪು ಹಿಡಿದ ಇಬ್ಬರು ವಕೀಲರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಆ ಧ್ವನಿ ಕೇಳದೆ ನನ್ನ ಕಿವಿ ಎರಡು ತಿಂಗಳು ಉಪವಾಸವಿತ್ತು. ಜಗಳ ಇನ್ನೂ ಸ್ವಲ್ಪ ಬೆಳೆಯಲಿ ಎಂದೇ ನಾನು ಬಯಸಿದೆ.

ಅಂಗಡಿಯವರು ಸೋತು ಇನ್ನೊಂದು ತಂದರು. "ಇದ ಹೊಸಾ ನಮೂನಿ, ಹದಿನಾರ ಇಂಚ್. ಎತ್ತರ ಹೆಚ್ಚಿಗಿ ಇರತೈತ್ರಿ ಇದರಾಗ. ಈಗ ಎಲ್ಲಾರೂ ಇದನ್ನ ಒಯ್ಯಾಕತ್ತಾರ."

ಮಾವ ಅದನ್ನೂ ಅಳೆದರು. ನಾನು ಓದಿದೆ: ಅಗಲ ಹದಿಮೂರೂವರೆ, ಎತ್ತರ ಎಂಟೂವರೆ. ಮತ್ತೆ ಮೊದಲಿನದಕ್ಕೆ ಹೋಗಿ ಅದರ ಎತ್ತರ ಅಳೆಯಲು ಹೇಳಿದರು. ಅದೂ ಎಂಟೂವರೆ. ಇನ್ನೊಮ್ಮೆ ಅಳೆದೆ. ಎರಡೂ ಅಷ್ಟಕ್ಕಷ್ಟೇ.

"ಎತ್ತರ ಎಲ್ಲಿ ಹೆಚ್ಚಾತ್ರಿ?" ಎಂದರು ಮಾವ. ದನಿ ಈಗ ತಣ್ಣಗಿತ್ತು. ಅವರ ದನಿ ತಣ್ಣಗಾದರೆ ಎದುರಿನವನು ಮುಗಿದ ಎಂದೇ ಅರ್ಥ. "ನಮ್ಮ ದೊಡ್ಡ ದಡಿ ಎಂಟ ಇಂಚ. ಎರಡರಾಗೂ ಕೂಡತೈತಿ. ಪನ್ನಾ ಹೆಚ್ಚಿದ್ದದ್ದರಾಗ ಒಂದ ಗುಡಿ ಹೆಚ್ಚಿಗಿ ಕಾಣತೈತಿ. ಹದಿನೇಳ ಅಂತ ಸುಳ್ಳ ಹೇಳೂದನ್ನ ಕೊಡ್ರಿ."

ಅಂಗಡಿಯವರು ತಾವೇ ಟೇಪು ಇಸಿದುಕೊಂಡು ಅಳೆದು ನೋಡಿ, ತಲೆ ಕೆರೆದುಕೊಂಡರು. ಕೊನೆಗೆ ಮಾವ ಕಿಸೆಯಿಂದ ದಡಿಯ ತುಂಡು ತೆಗೆದರು. ನಾನು ಪೆನ್‌ಡ್ರೈವಿನಲ್ಲಿ ತಂದಿದ್ದ ಡಿಸೈನನ್ನು ಪರದೆಯ ಮೇಲೆ ತೆರೆಸಿ, ತುಂಡನ್ನು ಬಣ್ಣದ ಪಕ್ಕದಲ್ಲಿ ಹಿಡಿದು, ಒಮ್ಮೆ ಅದು ಒಮ್ಮೆ ಇದು ನೋಡಿ, ತಲೆಯಾಡಿಸಿದರು. ಕಿರಮಂಜಿ ಕಿರಮಂಜಿಯೇ ಆಗಿತ್ತು. ಲೋಕದಲ್ಲಿ ಎಷ್ಟು ಜನ ಲ್ಯಾಪ್‌ಟಾಪು ಕೊಂಡಿದ್ದಾರೋ ಗೊತ್ತಿಲ್ಲ, ಸೀರೆಯ ತುಂಡು ಹಿಡಿದು ಮ್ಯಾಚಿಂಗ್ ನೋಡಿ ಕೊಂಡವರು ನಾವೇ ಇರಬೇಕು. ಬರುವಾಗ ಬಸ್ಸಿನಲ್ಲಿ ಆ ಎಮ್ಮೆಯನ್ನು ಅವರೇ ತೊಡೆಯ ಮೇಲಿಟ್ಟುಕೊಂಡರು. ತೊಡೆಯ ಮೇಲೆ ಇಡುವಂಥದ್ದಲ್ಲ ಎಂದು ಅಂಗಡಿಯವರು ಹೇಳಿದ್ದು ನಿಜವಾಗಿತ್ತು. ಇಳಿಯುವಾಗ ಅವರ ಕಾಲು ಜೋಮು ಹಿಡಿದಿತ್ತು.

ಇಷ್ಟಾದ ಮೇಲೆ ಮನೆಗೆ ಬಂದು ಮರುದಿನವೇ ಅದರ ಮುಂದೆ ಕೂರುತ್ತಾರೆ ಎಂದುಕೊಂಡಿದ್ದೆ. ಕೂರಲಿಲ್ಲ. ಅಳತೆ ನೋಡಲು ಕರೆದಿದ್ದೆ, ಅಳತೆ ನೋಡಿದರು, ಅವರ ಕೆಲಸ ಮುಗಿಯಿತು. ಮತ್ತೆ ಅದೇ ಗೋಡೆ, ಅದೇ ಒರಗು. ನಾನು ಕರೆಂಟು ಹೋದಾಗಲೆಲ್ಲ ಆ ಭಾರವನ್ನು ಎದೆಗೆ ಅವುಚಿಕೊಂಡು ಏಣಿ ಇಳಿಯುವುದು, ಪಡಸಾಲೆಯಲ್ಲಿ ಅವರ ಎದುರಿಗೆ ಮಣೆಯ ಮೇಲಿಟ್ಟು ಕೆಲಸ ಮಾಡುವುದು, ಅವರು ಗೋಡೆಯ ಕಡೆ ತಿರುಗುವುದು. ಹೀಗೆ ಎರಡು ವಾರ. ನನಗೆ ಸಿಟ್ಟು ನೆತ್ತಿಗೇರಿತ್ತು. "ಇಷ್ಟ ಸೊಕ್ಕ ಇದ್ರ ಹೆಂಗ್ರಿ?" ಎಂದು ಒಂದು ದಿನ ಅಂದೇಬಿಟ್ಟೆ. ಅವರಿಗಲ್ಲ, ಅತ್ತೆಗೆ, ಅಡುಗೆಮನೆಯಲ್ಲಿ. ಅತ್ತೆ, "ಸೊಕ್ಕಲ್ಲ ಬೇ, ಅಂಜಿಕಿ. ದೊಡ್ಡದ ಮಾಡಿ ತೋರಿಸಿದ್ರೂ ಕಾಣಲಿಲ್ಲಂದ್ರ?" ಎಂದರು. ಟಿವಿ ನೋಡುವ ಹೆಂಗಸು ಎಂದು ನಾನು ಅವರನ್ನು ಹಗುರಾಗಿ ತಿಳಿದಿದ್ದೆ. ಅವತ್ತು ನನಗೆ ನಾಚಿಕೆಯಾಯಿತು.

ಆ ಹೊತ್ತಿಗೆ ನನ್ನ ಕೈಯಲ್ಲಿದ್ದ ಕೆಲಸ ಮಾವನದೇ. ಅವರು ಬಹಳ ವರ್ಷದ ಹಿಂದೆ ಬರೆದ ಗುಡಿ ದಡಿ, ಚೂಪು ಶಿಖರದ ಗುಡಿಗಳು ಸಾಲಾಗಿ ನಿಂತದ್ದು. ಒಂದು ಕಾಲದಲ್ಲಿ ಊರ ತುಂಬ ಅದೇ ನೇಯುತ್ತಿದ್ದರು. ನನ್ನ ಮದುವೆಯ ಸೀರೆಯೂ ಅದೇ. ಒಬ್ಬ ವ್ಯಾಪಾರಿ ಅದು ಮತ್ತೆ ಬೇಕೆಂದಿದ್ದರು. ಹಳೆಯ ರಟ್ಟುಗಳನ್ನು ಗೆದ್ದಲು ತಿಂದಿತ್ತು. ಅದಕ್ಕೆ ನಾನು ಮದುವೆಯ ಸೀರೆಯನ್ನೇ ಹರವಿಕೊಂಡು, ಭೂತಗನ್ನಡಿಯಲ್ಲಿ ಎಳೆ ಎಣಿಸಿ ಎಣಿಸಿ ಕಂಪ್ಯೂಟರಿಗೆ ಇಳಿಸಿದ್ದೆ.

ಮುಂದಿನ ಸಲ ಕರೆಂಟು ಹೋದಾಗ ಹನ್ನೊಂದು ಗಂಟೆ. ಮಗ್ಗಗಳು ಖಟ್ಟೆಂದು ನಿಂತವು. ನಾನು ಅದನ್ನು ಕೆಳಗೆ ತಂದು, ಈ ಸಲ ಮಣೆಯ ಮೇಲಿಡದೆ ಅವರ ಮುಂದೆಯೇ ಇಟ್ಟೆ. ಒಂದೇ ಒಂದು ಗುಡಿಯನ್ನು ಪರದೆ ತುಂಬ ದೊಡ್ಡದು ಮಾಡಿ, ಒಂದು ಮಾತೂ ಆಡದೆ ಚಹಾಕ್ಕೆ ಇಡಲು ಒಳಗೆ ಹೋದೆ. ಹಾಲು ಉಕ್ಕುವ ಹೊತ್ತಿಗೆ ಪಡಸಾಲೆಯಿಂದ ಚಸ್ಮಾ ಡಬ್ಬಿ ತೆರೆದ ಸದ್ದು ಕೇಳಿತು. ನಾನು ಅಲ್ಲೇ ನಿಂತೆ. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು.

"ತಪ್ಪ ಐತಿ," ಎಂದರು ಮಾವ.

ಓಡಿ ಬಂದೆ. ಕಾಣುತ್ತದೆ! ಇವರಿಗೆ ಕಾಣುತ್ತದೆ! ಎಂದು ನನ್ನ ಮೈಯೆಲ್ಲ ಕುಣಿಯುತ್ತಿತ್ತು. ಎಲ್ಲಿ ಎಂದು ಕೇಳದೆ ಅಭ್ಯಾಸಬಲದಿಂದ ಹುಡುಕಲು ಕೂತೆ. ಸಿಗಲಿಲ್ಲ. ಅವರು ಮೊದಲ ಸಲ ತಾವೇ ಬೆರಳಿಟ್ಟು ತೋರಿಸಿದರು, ಶಿಖರದ ತುದಿಯನ್ನು. ತುದಿಯಲ್ಲಿ ಒಂದು ಎಳೆ ಇರಬೇಕಾದಲ್ಲಿ ಎರಡು ಎಳೆ ಪಕ್ಕಪಕ್ಕದಲ್ಲಿ ನಿಂತಿದ್ದವು.

ನಮ್ಮಲ್ಲಿ ಗುಡಿಯನ್ನು ಇಡಿಯಾಗಿ ಬರೆಯುವುದಿಲ್ಲ. ಅರ್ಧ ಬರೆದು, ಉಳಿದರ್ಧವನ್ನು ತೂತು ಹೊಡೆಯುವಾಗ ಕನ್ನಡಿಯ ಹಾಗೆ ತಿರುಗಿಸುತ್ತಾರೆ. ನಟ್ಟನಡುವಿನ ತುದಿಯ ಎಳೆ ಎರಡೂ ಅರ್ಧಕ್ಕೆ ಸೇರಿದ್ದು. ಅದನ್ನು ಒಂದೇ ಸಲ ಎಣಿಸು ಎಂದು ತೂತು ಹೊಡೆಯುವವನಿಗೆ ಹೇಳಬೇಕು. ಹೇಳದಿದ್ದರೆ ಅವನು ಎರಡು ಸಲ ಹೊಡೆಯುತ್ತಾನೆ, ಗುಡಿಯ ತುದಿ ಮೊಂಡಾಗುತ್ತದೆ. ಬಟ್ಟೆಯಲ್ಲಿ ಅದು ಬರಿಗಣ್ಣಿಗೆ ಕಾಣುವುದಿಲ್ಲ. ಕಾಗದದ ಮೇಲೆ ಇರುವುದು ಅರ್ಧವೇ, ಅಲ್ಲಿ ಕಾಣುವ ಮಾತೇ ಇಲ್ಲ. ನಾನು ಸೀರೆಯಿಂದ ಇಳಿಸಿದ್ದಕ್ಕೆ ಇಡಿಯಾಗಿ ಬಂದ ತಮ್ಮ ಗುಡಿಯನ್ನು ಇಷ್ಟು ದೊಡ್ಡದಾಗಿ ಮಾವ ನೋಡಿದ್ದು ಅವತ್ತೇ ಮೊದಲು.

"ನೀ ಇಳಸೂದ್ರಾಗ ತಪ್ಪ ಮಾಡೀದಿ," ಎಂದರು. ಆದರೆ ದನಿಯಲ್ಲಿ ಗಟ್ಟಿತನವಿರಲಿಲ್ಲ.

ನಾನು ಮದುವೆಯ ಸೀರೆ ತಂದು, ದಡಿಯ ಮೇಲೆ ಭೂತಗನ್ನಡಿ ಇಟ್ಟು, ಅದರ ಮೇಲೆ ಫೋನು ಹಿಡಿದು ಫೋಟೋ ತೆಗೆದು ದೊಡ್ಡದು ಮಾಡಿ ತೋರಿಸಿದೆ. ಎರಡು ಎಳೆ. ಮುಂದಿನ ಗುಡಿ. ಎರಡು ಎಳೆ. ಮಾವ ಸೀರೆಯನ್ನು ತಮ್ಮ ಕಡೆ ಎಳೆದುಕೊಂಡು ಗುಡಿಯ ತುದಿಯ ಮೇಲೆ ಹೆಬ್ಬೆರಳು ಆಡಿಸಿದರು.

"ತೂತ ಹೊಡಿಯಾಂವಗ ಹೇಳೂದ ಬಿಟ್ಟೇನಿ," ಎಂದರು ಕೊನೆಗೆ. ಆಮೇಲೆ, "ನೀ ಇದನ್ನ ಮೊದಲ ನೋಡಿದ್ದೇನು?"

"ನೋಡಿದ್ನಿ. ಹೊಸದಾಗಿ ಬಂದಾಗ ಎಳಿ ಎಣಸಿ ಕಲಿಯಾಕ ಭೂತಗನ್ನಡಿ ಹಿಡದಾಗನ ನೋಡಿದ್ನಿ."

"ಮತ್ತ ಕೇಳಲಿಲ್ಲ?"

ಸುಳ್ಳು ಹೇಳಬಹುದಿತ್ತು. ಯಾಕೋ ಬಾಯಿಗೆ ನಿಜವೇ ಬಂತು. "ಅದು ನಿಮ್ಮ ಕೈಚಳಕ ಅಂದ್ಕೊಂಡಿದ್ನಿ, ಮಾವಾರ. ದೊಡ್ಡವರು ಗುಡಿ ಹಿಂಗ ಬರೀತಾರ ಅಂತ, ನಾನೂ ನನ್ನ ಎಲ್ಲಾ ಗುಡಿಗೂ ತುದ್ಯಾಗ ಎರಡ ಎಳಿ ಇಟ್ಟೇನಿ. ಹದಿನೈದ ವರ್ಷದಿಂದ. ನಿಮ್ಮನ್ನ ಕೇಳಾಕ ಅಂಜಿಕಿ ಇತ್ತು."

ಅವರ ಕೈ ಸೀರೆಯ ಮೇಲಿತ್ತು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ನನ್ನ ಮುಖ ನೋಡಿ, "ನಿನ್ನ ತಪ್ಪಲ್ಲ ಯವ್ವಾ. ಕೇಳಾಕ ಅಂಜೂ ಹಂಗ ಕಲಸಿದ್ದು ನನ್ನ ತಪ್ಪು," ಎಂದರು. ನನ್ನ ಕಣ್ಣಲ್ಲಿ ನೀರು ಬಂತು. ಅಡುಗೆಮನೆಯಿಂದ ಸುಟ್ಟ ಹಾಲಿನ ವಾಸನೆ ಬರುತ್ತಿತ್ತು, ಅತ್ತೆ ನನ್ನ ಹೆಸರು ಹಿಡಿದು ಕೂಗುತ್ತಿದ್ದರು, ನಾನು ಏಳಲಿಲ್ಲ.

"ತೆಗಿ ಅದನ್ನ," ಎಂದರು. ನಾನು ಮೌಸು ಹಿಡಿದೆ. "ತಡಿ, ತಡಿ. ನಾ ತೆಗೀತೇನಿ. ಹೆಂಗ ಹಿಡೀಬೇಕು ಇದನ್ನ?"

ಅವರ ಕೈ ಮೇಲೆ ನನ್ನ ಕೈ ಇಟ್ಟು ತೋರಿಸಿದೆ. ಬಾಣ ಪರದೆಯ ಮೇಲೆ ಹಗ್ಗ ಬಿಚ್ಚಿದ ಕರುವಿನಂತೆ ಎಲ್ಲೆಲ್ಲೋ ಓಡಿತು. "ಏ ಇದರವ್ವನ," ಎಂದರು. ನಾಲ್ಕನೆಯ ಸಲಕ್ಕೆ ತುದಿಗೆ ಬಂದು ನಿಂತಿತು. ಒತ್ತಿದರು. ಒಂದು ಎಳೆ ಹೋಯಿತು. ಎರಡು ಅರ್ಧಗಳು ಕೂಡಿಕೊಂಡವು, ಗುಡಿಯ ಶಿಖರ ಚೂಪಾಗಿ ನಿಂತಿತು. ಮಾವ ಚಸ್ಮಾ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

"ಹಿಂತಾವು ಇನ್ನೂ ಎಷ್ಟ ಅದಾವ? ನಂದು ನಿಂದು ಕೂಡಿ?"

"ಭಾಳ ಅದಾವ್ರಿ."

"ಒಂದೊಂದ ತೆಗೀಬೇಕೇನು?"

"ಹೌದ್ರಿ. ಒಂದೊಂದ ತೆಗೀಬೇಕು," ಎಂದೆ.

ಒಂದು ಗುಡಿ ಸರಿಮಾಡಿ, ಉಳಿದವಕ್ಕೆಲ್ಲ ಇದನ್ನೇ ಹಾಕು ಎಂದರೆ ಆ ಸಾಫ್ಟ್‌ವೇರು ಕಣ್ಣು ಮಿಟುಕಿಸುವಷ್ಟರಲ್ಲಿ ಹಾಕುತ್ತದೆ. ಅದಕ್ಕೊಂದು ಗುಂಡಿಯೇ ಇದೆ, ಪರದೆಯ ಮೇಲ್ಗಡೆ, ಎಡಕ್ಕೆ. ನಾನು ಅದರ ಬಗ್ಗೆ ಅವರಿಗೆ ಇವತ್ತಿನವರೆಗೆ ಹೇಳಿಲ್ಲ, ಹೇಳುವವಳೂ ಅಲ್ಲ.

ಐದನೆಯ ಗುಡಿಯ ತುದಿಗೆ ಬಾಣ ತರುತ್ತಿದ್ದಾಗ ಕರೆಂಟು ಬಂತು. ಮಗ್ಗಗಳು ಒಟ್ಟಿಗೆ ಹೊಡೆಯತೊಡಗಿದವು, ಹತ್ತಿ ಏಳತೊಡಗಿತು. ನಾನು ಲ್ಯಾಪ್‌ಟಾಪು ಮುಚ್ಚಿ ಎತ್ತಿಕೊಂಡು ಏಣಿಯ ಕಡೆ ಹೊರಟೆ. ಮಾವ ಗೋಡೆ ಹಿಡಿದು ಎದ್ದು ನಿಂತು, ಮಗ್ಗದ ಸದ್ದಿನ ಮೇಲೆ ದನಿ ಎತ್ತಿ, ಆಚೆ ಬದಿಯಲ್ಲಿದ್ದ ಮಗನಿಗೆ ಕೂಗಿದರು.

"ಏ ತಮ್ಮಾ, ನಾಳಿ ಕರೆಂಟ್ ಎಷ್ಟಕ್ಕ ಹೋಗತೈತಿ?"